ರೊಮೇನಿಯನ್ ಪದಗಳಿಗೆ ನಾನು ಪ್ರಸ್ತಾರ ಹಾಕಿದ್ದು

ಡಾಟ್‌ಕಾಮ್ ಕಾಲ. ನಾನೂ ನನ್ನ ಹೆಂಡತಿ ವಸುಧಾಳೂ ನೆವಾರ್ಕಿನ ಅಪಾರ್ಟ್‌ಮೆಂಟಿನಿಂದ ಬೆಳಿಗ್ಗೆ ಫ್ರೀವೇ ಹಿಡಿದರೆ, ಹಿಂತಿರುಗುವಷ್ಟರಲ್ಲಿ ಸೋತು ಸುಣ್ಣವಾಗಿರುತ್ತಿದ್ದೆವು. ಮಗಳು ಸಿರಿಯನ್ನು ನೋಡಿಕೊಳ್ಳುತ್ತಿದ್ದವರು ಕೆಳಗಿನ ಮನೆಯ ರೊಮೇನಿಯಾದ ಎಲೇನಾ ಅಜ್ಜಿ. ಅವರಿಲ್ಲದಿದ್ದರೆ ನಮ್ಮಲ್ಲೊಬ್ಬರು ಕೆಲಸ ಬಿಡಬೇಕಿತ್ತು.

ಅಜ್ಜಿಯ ಹುಟ್ಟುಹಬ್ಬಕ್ಕೆ ಕರೆ ಬಂತು. ಅವರ ಕೇಕುಗಳನ್ನು ಅವರದೇ ಭಾಷೆಯಲ್ಲಿ ಹೊಗಳುವುದೆಂದು ತೀರ್ಮಾನಿಸಿದೆ.

"ಥ್ಯಾಂಕ್ಯೂ ಅಂದ್ರೆ ಸಾಕು ಕಣ್ರೀ. ಸುಮ್ನೆ ಯಾಕೆ ರಿಸ್ಕು?" ಎಂದಳು ವಸುಧಾ.

"ಹೈಸ್ಕೂಲಲ್ಲಿ ಷಟ್ಪದಿಗೇ ಪ್ರಸ್ತಾರ ಹಾಕಿದೋನು ನಾನು. ಇದೇನು ಮಹಾ?"

ಲೈಬ್ರರಿಯ ನಿಘಂಟಿನಿಂದ ಪುಟಗಳನ್ನು ಕಾಪಿ ಮಾಡಿ ತಂದು ಕೂತೆ. 'ತಾವು' ಎನ್ನಲು ಅವರಲ್ಲಿ 'ದುಮ್ನ್ಯಾವ್ವಾಸ್ತ್ರ' ಎನ್ನಬೇಕು. ಕಂಡ ಕಂಡ ಸ್ವರಕ್ಕೆಲ್ಲ ಕತ್ತರಿ ಹಾಕಿ ಅದನ್ನು ದುಮ್-ನೆ-ಆ-ವೊ-ಆಸ್-ತ್ರ ಮಾಡಿದೆ. ಯಾವ ಅಕ್ಷರವನ್ನು ಒತ್ತಿ ಹೇಳಬೇಕೆಂದು ತೋರಿಸುವ ಸಣ್ಣ ಗೆರೆಗಳೂ ಆ ಪುಟದಲ್ಲಿದ್ದವು. ಅವು ಕಾಪಿ ಮೆಷಿನ್ನಿನ ಮಸಿ ಎಂದುಕೊಂಡು ವೈಟ್ನರ್ ಹಚ್ಚಿದೆ. ಕೇಕುಗಳಿಗೆ 'ತೊರ್ತುರಿ' ಎಂದಿತ್ತು. ತೆಂಗಿನಕಾಯಿ ತುರಿಯ ನೆನಪಾಗಿ 'ತು' ಅಕ್ಷರವನ್ನೇ ಬಲವಾಗಿ ಒತ್ತುವುದೆಂದುಕೊಂಡೆ.

ಕೇಕು ಕತ್ತರಿಸುವ ಮುನ್ನ ಎದ್ದು ನಿಂತು ನನ್ನ ವಾಕ್ಯವನ್ನು ಗಂಭೀರವಾಗಿ ಹೇಳಿದೆ. ಅಜ್ಜಿ ಚಾಕು ಕೆಳಗಿಟ್ಟು ಸಿರಿಯತ್ತ ನೋಡಿದರು.

"ಮಗು ಹಾಗೆ ಹೇಳಿತಾ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ದಿನಾ ಹೇಳ್ತಾಳೆ. ನಮಗೂ ಅದರ ಅನುಭವ ಇದೆ" ಎಂದೆ, ಹೆಮ್ಮೆಯಿಂದ.

ಅವರ ಕಣ್ಣು ತುಂಬಿತು. "ಹಾಗಾದರೆ ಸೋಮವಾರದಿಂದ ಬೇರೆ ಕಡೆ ಬಿಡಿ."

ವಸುಧಾಳ ಮುಖ ಬಿಳಿಚಿತು. ಕೊನೆಗೆ ಅಜ್ಜಿಯ ಮಗಳು ಇರೀನಾ ನನ್ನನ್ನು ಪಕ್ಕಕ್ಕೆ ಕರೆದು ಬಿಡಿಸಿ ಹೇಳಿದಳು. 'ತೊರ್' ಒತ್ತಿದರೆ ಕೇಕುಗಳು. 'ತು' ಒತ್ತಿದರೆ ಚಿತ್ರಹಿಂಸೆಗಳು. ನಾನು ಎಲ್ಲರೆದುರು ಹೇಳಿದ್ದು, "ತಾವು ಕಂಡು ಕೇಳರಿಯದ ಚಿತ್ರಹಿಂಸೆಗಳನ್ನು ಮಾಡುತ್ತೀರಿ" ಎಂದು.

"ಇವರಿಗೆ ನಿಮ್ಮ ಕೇಕು ಅಂದ್ರೆ ಪ್ರಾಣ. ಬಾಯಿ ಮಾತ್ರ ಹೀಗೆ" ಎಂದು ವಸುಧಾ ಅಂಗಲಾಚಿದಳು. ಇರೀನಾ ಅದನ್ನು ರೊಮೇನಿಯನ್ನಿನಲ್ಲಿ ಹೇಳಿದ ಮೇಲೆ ಅಜ್ಜಿ ಕಣ್ಣೊರೆಸಿಕೊಂಡರು. ನಗಲಿಲ್ಲ. ಸಿರಿಯನ್ನು ನೋಡಿಕೊಳ್ಳಲು ಒಪ್ಪಿದರು, ಒಂದು ಷರತ್ತಿನ ಮೇಲೆ.

ಅಂದಿನಿಂದ ಆಫೀಸಿನಿಂದ ಸುಸ್ತಾಗಿ ಬಂದು, ಅಜ್ಜಿಯ ಮನೆಯಲ್ಲಿ ಮೊಣಕಾಲು ಗದ್ದಕ್ಕೆ ತಾಗುವ ಪುಟ್ಟ ಕುರ್ಚಿಯಲ್ಲಿ ಸಿರಿಯ ಪಕ್ಕ ಕೂತು, ಚಪ್ಪಾಳೆ ತಟ್ಟುತ್ತ ರೊಮೇನಿಯನ್ ಪದ ಬಿಡಿಸತೊಡಗಿದೆ. "ಅಪ್ಪಾ, ಇಟ್ಸ್ ಸೋ ಈಸಿ" ಎಂದು ಅವಳು ಸಮಾಧಾನ ಮಾಡುತ್ತಿದ್ದಳು.

ತಿಂಗಳ ಕೊನೆಗೆ ಅಜ್ಜಿ ವಸುಧಾಳಿಗೆ ವರದಿ ಒಪ್ಪಿಸಿದರು. "ಹುಡುಗಿ ಚುರುಕು, ಕಿಂಡರ್‌ಗಾರ್ಟನ್‌ಗೆ ಕಳಿಸಬಹುದು. ನಿನ್ನ ಗಂಡ ಇನ್ನೊಂದು ವರ್ಷ ಇಲ್ಲೇ ಇರಲಿ."