ಓಡುವ ಮಾಲು

ಕೆಲವರಿಗೆ ಹೆಸರು ಕಾಟ ಕೊಡುತ್ತದೆ, ಕೆಲವರಿಗೆ ನೆಂಟರು. ನನಗೆ ಕಾಟ ಕೊಟ್ಟಿದ್ದು 'ಓಡು' ಅನ್ನುವ ಮಾತು. ಮೋಟರು ಓಡಬೇಕು, ಮಾಲು ಓಡಬೇಕು, ನಾನೂ ಓಡಬೇಕು, ಆದರೆ ಓಡಿಹೋಗಬಾರದು. ಇವು ನಾಲ್ಕೂ ಬೇರೆ ಬೇರೆ ಎಂದು ನಮ್ಮ ಕಡೆಯವರಿಗೆ ತಿಳಿಹೇಳುವುದರಲ್ಲೇ ನನ್ನ ತೊಂಬತ್ತರ ದಶಕ ಕಳೆಯಿತು. ಒಂದು ಎಡವಟ್ಟು ಸರಿಮಾಡಿ ಬರುವಷ್ಟರಲ್ಲಿ ಇನ್ನೊಂದು ಬಾಗಿಲಲ್ಲಿ ಕಾಯುತ್ತಿತ್ತು.

ಎಮ್ಮೆ ಕೊಟ್ಟ ಗಡುವು

ಪಾಂಡವಪುರದ ನಮ್ಮ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ನಾನು ಕಂಪನಿ ಶುರು ಮಾಡಿದೆ. ಪಾಲುದಾರರಿಲ್ಲ, ಕೆಲಸದವರಿಲ್ಲ. ಡಿಪ್ಲೊಮಾದಲ್ಲಿ ಕಲಿತ ವಿದ್ಯೆ ಮತ್ತು ರೇಡಿಯೊ ರಿಪೇರಿಯಲ್ಲಿ ಉಳಿಸಿದ್ದು, ಅಷ್ಟೇ ಬಂಡವಾಳ. ಮಾಡುತ್ತಿದ್ದದ್ದು ಒಂದು ತಗಡಿನ ಡಬ್ಬ. ಅದನ್ನು ಪಂಪ್‌ಸೆಟ್ಟಿನ ಸ್ಟಾರ್ಟರಿಗೆ ಜೋಡಿಸಿದರೆ, ಕರೆಂಟು ಬಂದ ಕೂಡಲೇ ಮೋಟರು ತಾನಾಗಿಯೇ ಓಡತೊಡಗುತ್ತಿತ್ತು. ಕರೆಂಟು ಯಾವಾಗ ಬರುತ್ತದೆ ಎಂಬುದು ಆಗ ಕರೆಂಟಿನವರಿಗೂ ಗೊತ್ತಿರಲಿಲ್ಲ. ಹಾಗಾಗಿ ರೈತರು ಡಬ್ಬಕ್ಕೆ ಮುಗಿಬೀಳುತ್ತಾರೆ ಎಂದು ನಂಬಿದ್ದೆ.

ಕಂಪನಿ ಒಳಗೆ ಬಂದಿದ್ದರಿಂದ ಎಮ್ಮೆ ಹೊರಗೆ ಹೋಗಿ ಹುಣಸೆಮರದ ಕೆಳಗೆ ನಿಂತಿತು. ಅಪ್ಪನಿಗೆ ಅದನ್ನು ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತಿತ್ತು.

"ಎಮ್ಮೆ ಗಬ್ಬ ಆಗದೆ ಕಣ್ಲಾ. ಅದು ಈಯೋದ್ರೊಳಗೆ ನಿನ್ ಡಬ್ಬ ಓಡ್ಬೇಕು. ಇಲ್ದಿದ್ರೆ ಕೊಟ್ಗೆ ಖಾಲಿ ಮಾಡ್ಬುಟ್ಟು, ನಿಮ್ಮಾವ ಏಳಿರೋ ಗುಮಾಸ್ತೆ ಕೆಲ್ಸಕ್ಕೆ ಓಗು" ಎಂದರು.

"ಇದು ಒಸ ಯಂತ್ರ ಕಣಪ್ಪೋ. ಟೈಮ್ ಇಡೀತದೆ."

"ಎಮ್ಮೆ ಈದ್ರೆ ಎರಡೊತ್ತೂ ಆಲು ಕೊಡ್ತದೆ. ನಿನ್ ಡಬ್ಬ ಈದ್ರೆ ಏನ್ಲಾ ಕೊಡ್ತದೆ?"

ಅಂದಿನಿಂದ ನಾನು ಕ್ಯಾಲೆಂಡರ್ ನೋಡುವುದನ್ನು ಬಿಟ್ಟು ಎಮ್ಮೆಯ ಹೊಟ್ಟೆ ನೋಡಿಕೊಂಡು ಕೆಲಸ ಮಾಡತೊಡಗಿದೆ.

ಸುಮ್ಮನೆ ಓಡುವವನು

ಇನ್ನು ನನ್ನ ಓಟ. ಶಾಲೆಯಿಂದಲೂ ದೂರದ ಓಟ ನನ್ನ ಹುಚ್ಚು. ತಾಲ್ಲೂಕು, ಜಿಲ್ಲೆ ಅಂತ ಓಡಿ ಗೆದ್ದ ಸ್ಟೀಲ್ ಬಿಂದಿಗೆಗಳು ಅಡುಗೆಮನೆಯಲ್ಲಿ ಸಾಲಾಗಿ ಇದ್ದವು. ನನ್ನ ಓಟವನ್ನು ಮನಸಾರೆ ಮೆಚ್ಚುತ್ತಿದ್ದದ್ದು ಅಮ್ಮ ಒಬ್ಬರೇ. "ಬಿಂದಿಗೆ ಆಯ್ತು, ಮುಂದಿನ್ ಸಲ ಕುಕ್ಕರ್ ಕೊಡೋ ಕಡೆ ಓಡಪ್ಪ" ಎನ್ನುತ್ತಿದ್ದರು.

ಭಾನುವಾರ ಬೆಳಿಗ್ಗೆ ಪಾಲಹಳ್ಳಿ ಕಡೆಗೆ ಓಡುತ್ತಿದ್ದೆ. ಒಂದು ದಿನ ಆ ಊರ ಹತ್ತಿರ ಬೆರಣಿ ತಟ್ಟುತ್ತಿದ್ದ ಅಜ್ಜಿಯೊಬ್ಬರು ನನ್ನನ್ನು ನೋಡಿದ್ದೇ ಸಗಣಿ ಕೈಯಲ್ಲೇ ಹಣೆ ಬಡಿದುಕೊಂಡು, "ಅಯ್ಯೋ, ಒಂಟೋಗ್ಬುಟ್ಯಾ ನನ್ನಪ್ಪಾ" ಎಂದು ರಾಗ ತೆಗೆದರು. ಅವರ ದನಿ ಕೇಳಿ ಪಕ್ಕದ ಮನೆಯ ಇಬ್ಬರು ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ಬಂದರು. ನಾನು ಗಾಬರಿಯಾಗಿ ನಿಂತೆ.

"ಯಾಕಜ್ಜಿ, ಯಾರಿಗೇನಾಯ್ತು?"

"ಅದ್ನ ನೀನ್ ಏಳ್ಬೇಕು ಕಣಪ್ಪ. ಯಾರ್ ಸತ್ರು ಅಂತ ಏಳಕ್ಕೇ ಅಲ್ವಾ ಓಡ್ಬಂದಿದ್ದು?"

"ಯಾರೂ ಸತ್ತಿಲ್ಲ ಅಜ್ಜಿ. ನಾನು ಸುಮ್ನೆ ಓಡ್ತಾ ಇವ್ನಿ."

ಅಜ್ಜಿಗೆ ಸಮಾಧಾನವಾಗುವ ಬದಲು ಸಿಟ್ಟು ಬಂತು. "ಸುಮ್ನೆ ಓಡ್ತೀಯಾ? ನಿಮ್ಮನೇಲಿ ಏಳೋರು ಕೇಳೋರು ಯಾರೂ ಇಲ್ವಾ?" ಎಂದು ಬೈದು, ಕಣ್ಣೊರೆಸಿಕೊಂಡು, ಸ್ವಲ್ಪ ಯೋಚಿಸಿ ಹೇಳಿದರು: "ಓಗ್ಲಿ ಬುಡು. ಓದ್ ವರ್ಸ ನಮ್ ನಾದ್ನಿ ಸತ್ತಾಗ ಗಂಟ್ಲು ಕಟ್ಟಿ ಸರ್ಯಾಗಿ ಅಳಕ್ಕೇ ಆಗಿರ್ನಿಲ್ಲ. ಇದು ಅವ್ಳ ಲೆಕ್ಕುಕ್ಕೆ."

ಸರ್ವೀಸ್ ಡಿಪಾರ್ಟ್‌ಮೆಂಟ್

ನಾಗಮಂಗಲದ ಕಡೆಯ ರೈತರೊಬ್ಬರು ನನ್ನ ಮೊದಲ ಗಿರಾಕಿ. ಡಬ್ಬ ಕೂರಿಸಿ ಬಂದ ವಾರದಲ್ಲೇ ಪಕ್ಕದ ಎಸ್‌ಟಿಡಿ ಬೂತಿಗೆ ಅವರ ಫೋನ್ ಬಂತು.

"ಸ್ವಾಮಿ, ಡಬ್ಬ ಕೆಟ್ಟೋಗದೆ. ನಾನು ಸ್ವಿಚ್ ಒತ್ತದೇನೇ ಮೋಟ್ರು ಓಡ್ತದೆ."

"ಅದು ಓಡ್ಲಿ ಅಂತ್ಲೇ ಅಲ್ವಾ ಗೌಡ್ರೇ ಡಬ್ಬ ಹಾಕ್ಸಿದ್ದು?"

"ಅದೆಲ್ಲ ನಂಗ್ ಬ್ಯಾಡ. ಸರ್ವೀಸ್ನೋರ್ಗೆ ಕೊಡಿ."

ಒಬ್ಬನೇ ಇರುವ ಕಂಪನಿ ಎಂದು ಹೇಳಿಕೊಳ್ಳಲು ಮನಸ್ಸು ಬರಲಿಲ್ಲ. "ಒಂದ್ನಿಮಿಷ" ಎಂದು ರಿಸೀವರನ್ನು ಮೇಜಿನ ಮೇಲಿಟ್ಟು, ನಾಲ್ಕು ಹೆಜ್ಜೆ ಸಪ್ಪಳ ಮಾಡಿ ನಡೆದು ಬಂದು, ಮೂಗು ಹಿಡಿದುಕೊಂಡು "ಹಲೋ, ಸರ್ವೀಸ್" ಎಂದೆ. ಮೊದಲು ಹೇಳಿದ್ದನ್ನೇ ಮೂಗಿನಲ್ಲಿ ಇನ್ನೊಮ್ಮೆ ವಿವರಿಸಿದೆ. ಅವರು ಪೂರ್ತಿ ಕೇಳಿ, ಮತ್ತೆ ಮಾಲೀಕರಿಗೆ ಕೊಡಿ ಎಂದರು. ನಾನು ಮೂಗು ಬಿಟ್ಟೆ.

"ನೋಡಿ, ನೀವು ಒಳ್ಳೇರು ಅಂತ ಒಂದ್ ಮಾತ್ ಏಳ್ತೀನಿ. ಆ ಸರ್ವೀಸ್ನವ್ನಿಗೆ ಏನೂ ಗೊತ್ತಿಲ್ಲ, ಮೇಲಾಗಿ ನೆಗಡಿ ಬೇರೆ. ಮೊದ್ಲು ಅವನ್ನ ತೆಗ್ದಾಕಿ" ಎಂದರು.

ತೆಗೆದುಹಾಕುತ್ತೇನೆ ಎಂದು ಮಾತು ಕೊಟ್ಟೆ. ಮಾರನೆಯ ದಿನ ನಾನೇ ಹೋದೆ. ಮೋಟರ್ ಮನೆಯ ಮುಂದೆ ಚಾಪೆ ಹಾಸಿಕೊಂಡು ಅವರ ಹೆಂಡತಿ, ತಾಯಿ, ಮಕ್ಕಳು, ಪಕ್ಕದ ಹೊಲದವರು ಎಲ್ಲ ಕೂತಿದ್ದರು. ಕರೆಂಟು ಬಂತು, ಡಬ್ಬ ಟಕ್ ಎಂದಿತು, ಮೋಟರು ಓಡಿತು. ಎಲ್ಲರೂ "ಓ" ಎಂದರು.

"ನೀವು ಮನೇಲಿ ಆರಾಮಾಗಿ ಇರ್ಲಿ ಅಂತ ಇದನ್ನ ಮಾಡಿದ್ದು ಗೌಡ್ರೇ" ಎಂದೆ.

"ಎಲ್ ಆರಾಮು? ಮುಂಚೆ ನಾನೊಬ್ನೇ ಬತ್ತಿದ್ದೆ. ಈಗ ಇದು ತಾನೇ ಓಡೋದ್ ನೋಡಕ್ಕೆ ಮನೆ ಮಂದಿಯೆಲ್ಲ ಬರ್ಬೇಕಲ್ಲ!"

ಸಾಹೇಬರ ಎರಡು ಪ್ರಶ್ನೆ

ಅಷ್ಟರಲ್ಲಿ ಎಮ್ಮೆಯ ಕೆಚ್ಚಲು ಇಳಿದು, ಈಯುವ ದಿನ ಹತ್ತಿರ ಬಂದಿತ್ತು. ಉಳಿದಿದ್ದ ಒಂದೇ ದಾರಿ ಕೆ.ಆರ್.ಪೇಟೆಯಲ್ಲಿ ಪೈಪು, ಮೋಟರು ಮಾರುತ್ತಿದ್ದ ಸಾಹೇಬರ ಅಂಗಡಿ. ಅವರು ಡಬ್ಬವನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಮಾಲು ಓಡ್ತದಾ?"

"ಓಡ್ತದೆ ಸಾಹೇಬ್ರೇ."

"ಅಚ್ಛಾ. ನೀನು ಓಡ್ಹೋದ್ರೆ?"

ಅವರ ಅನುಮಾನ ಸುಳ್ಳಲ್ಲ. ಆ ಕಾಲದಲ್ಲಿ ಬೋರ್ಡು ಹಾಕಿಕೊಂಡ ಎಷ್ಟೋ ಕಂಪನಿಗಳು ಬೆಳಗಾಗುವಷ್ಟರಲ್ಲಿ ಬೋರ್ಡಷ್ಟೇ ಬಿಟ್ಟು ಹೋಗುತ್ತಿದ್ದವು. "ಶುಕ್ರವಾರ ನಮಾಜ್ ಮುಗ್ಸಿ ಸಂತೆಬಾಚಹಳ್ಳಿಗೆ ನಮ್ ಗಿರಾಕಿ ತೋಟಕ್ಕೆ ಬರ್ತೀನಿ. ಲೈನ್‌ಮನ್‌ಗೆ ಹೇಳಿದ್ದೀನಿ, ಎರಡೂವರೆಗೆ ಕರೆಂಟು ಬಿಡ್ತಾನೆ. ಅಷ್ಟರೊಳಗೆ ಡಬ್ಬ ಕೂರ್ಸಿರ್ಬೇಕು. ಓಡಿದ್ರೆ ಅಂಗಡೀಲಿ ಇಡ್ತೀನಿ. ಇಲ್ಲಾಂದ್ರೆ ಖುದಾ ಹಾಫಿಜ್" ಎಂದರು.

ಶುಕ್ರವಾರ ಹೊರಟ ಬಸ್ಸು ಸಂತೆಬಾಚಹಳ್ಳಿ ಮುಟ್ಟುವ ಮೊದಲೇ ಪಂಕ್ಚರ್ ಆಯಿತು. ಸ್ಟೆಪ್ನಿ ಮೊದಲೇ ಪಂಕ್ಚರ್ ಆಗಿತ್ತಂತೆ. ಕಂಡಕ್ಟರು ನೆರಳಲ್ಲಿ ಟವೆಲ್ ಹಾಸಿದರು. ಎರಡೂವರೆ ತಪ್ಪಿದರೆ ಕಂಪನಿ ಮುಗಿಯಿತು. ಡಬ್ಬವನ್ನು ಹೆಗಲಿಗೇರಿಸಿ, ವೈರು ಕೊರಳಿಗೆ ಸುತ್ತಿಕೊಂಡು ಓಟ ಕಿತ್ತೆ. ಪುಣ್ಯಕ್ಕೆ ಕಾಲಲ್ಲಿ ಓಟದ ಬೂಟೇ ಇತ್ತು, ನನಗಿದ್ದ ಬೂಟೂ ಅದೊಂದೇ.

ಪಂಪ್‌ಸೆಟ್ಟಿನ ಸ್ಟಾರ್ಟರು ಕಳುವಾಗುತ್ತಿದ್ದ ದಿನಗಳು ಅವು. ವೈರು ನೇತಾಡುವ ಡಬ್ಬ ಹೊತ್ತು ಮಟಮಟ ಮಧ್ಯಾಹ್ನ ಓಡುವವನನ್ನು ಯಾರಾದರೂ ಏನೆಂದುಕೊಳ್ಳಬೇಕು?

"ಕಳ್ಳ! ಸ್ಟಾರ್ಟರ್ ಬಿಚ್ಕೊಂಡ್ ಓಡ್ತಾವ್ನೆ, ಇಡ್ಕಳ್ರೋ!"

ಹಿಂತಿರುಗಿ ನೋಡಿದೆ. ಮೊದಲು ಇಬ್ಬರಿದ್ದರು, ಆಮೇಲೆ ಒಂದು ಹಿಂಡೇ ಬಂತು. ನಿಂತು ವಿವರಿಸೋಣ ಎಂದುಕೊಂಡೆ, ಆದರೆ ಅವರ ಕೈಯಲ್ಲಿದ್ದ ದೊಣ್ಣೆ ನೋಡಿ, ತೋಟ ಮುಟ್ಟಿದ ಮೇಲೆ ವಿವರಿಸುವುದೇ ಕ್ಷೇಮ ಎನಿಸಿತು. ಜೀವನದಲ್ಲಿ ಅಷ್ಟು ಚೆನ್ನಾಗಿ ನಾನು ಯಾವ ಕ್ರೀಡಾಕೂಟದಲ್ಲೂ ಓಡಿಲ್ಲ.

ತೋಟದಲ್ಲಿ ಸಾಹೇಬರು, ಗಿರಾಕಿ, ನಾಲ್ಕಾರು ರೈತರು ಕಾದಿದ್ದರು. ನಾನು ಬಂದವನೇ ಮಾತಾಡದೆ ಡಬ್ಬ ಜೋಡಿಸತೊಡಗಿದೆ. ಹಿಂದೆಯೇ ಅಟ್ಟಿಕೊಂಡು ಬಂದವರು ಒಬ್ಬೊಬ್ಬರಾಗಿ ಬದುವಿನ ಮೇಲೆ ಕುಸಿದರು. ಸಾಹೇಬರು ಅವರನ್ನೆಲ್ಲ ನೋಡಿ ಗಿರಾಕಿಗೆ ಮೆಲ್ಲಗೆ, "ನಮ್ ಅಂಗ್ಡಿಗೆ ಬರೋಕ್ ಮುಂಚೇನೇ ಮಾಲಿನ್ ಹಿಂದೆ ಇಷ್ಟ್ ಜನ ಬಿದ್ದವ್ರೆ!" ಎಂದರು.

ಕರೆಂಟು ಬಂತು. ಡಬ್ಬ ಟಕ್ ಎಂದಿತು. ಮೋಟರು ಓಡಿತು, ನೀರು ಧೋ ಎಂದು ಬಿತ್ತು. ನನಗೆ ಅಳು ಬಂತು. ಬೆವರಿನಲ್ಲಿ ಯಾರಿಗೂ ಗೊತ್ತಾಗಲಿಲ್ಲ.

ನಾನು ಕಳ್ಳನಲ್ಲ ಎಂದು ಎಲ್ಲರಿಗೂ ತಿಳಿದ ಮೇಲೆ, ಸಾಹೇಬರು ತಮ್ಮ ಹಳೆಯ ಪ್ರಶ್ನೆಯನ್ನು ತೆಗೆದರು. "ಮಾಲು ಓಡ್ತದೆ, ಕಬೂಲ್. ಇವ್ನು ಓಡ್ಹೋದ್ರೆ?"

ಬದುವಿನ ಮೇಲೆ ಅಂಗಾತ ಮಲಗಿದ್ದವನೊಬ್ಬ ಏದುಸಿರು ಬಿಡುತ್ತಲೇ ಕೈ ಎತ್ತಿದ. "ಸಾಹೇಬ್ರೇ, ಇವ್ನು ಓಡೋದ್ರೆ ಇಡಿಯಕ್ಕೆ ಈ ತಾಲ್ಲೂಕ್ನಾಗೆ ಯಾರ್ ಕೈಲೂ ಆಗಕ್ಕಿಲ್ಲ. ನಾವು ನೋಡಿದ್ದೀವಿ."

ಸಾಹೇಬರು ಗಡ್ಡ ನೀವಿಕೊಂಡು ನನ್ನ ಕಾಲು ನೋಡಿದರು. "ಅಂಗಡೀಲಿ ಡಬ್ಬ ಇಡ್ತೀನಿ. ಗ್ಯಾರಂಟಿಗೆ ಬೂಟು ಬಿಚ್ಚಿಟ್ಟು ಹೋಗು."

ಬರಿಗಾಲಲ್ಲಿ ಊರಿಗೆ ಬಂದೆ. ಕೊಟ್ಟಿಗೆಯ ಬಾಗಿಲಲ್ಲಿ ಅಪ್ಪ ನಿಂತಿದ್ದರು. ಒಳಗೆ ಎಮ್ಮೆ ಕರು ನೆಕ್ಕುತ್ತಿತ್ತು. ನನ್ನ ಡಬ್ಬಗಳನ್ನೆಲ್ಲ ಒಂದು ಮೂಲೆಯಲ್ಲಿ ಒಪ್ಪವಾಗಿ ಜೋಡಿಸಿ, ಮೇಲೆ ಅಪ್ಪನ ಕಂಬಳಿ ಹೊದಿಸಿತ್ತು.

"ಡಬ್ಬ ಓಡ್ತಾ?" ಎಂದರು.

"ಓಡ್ತು ಕಣಪ್ಪ. ಅಂಗ್ಡೀಲಿ ಇಡ್ತಾರಂತೆ."

"ಎಷ್ಟೊತ್ನಾಗೆ ಓಡ್ತು?"

"ಎರಡೂವರೆಗೆ."

"ಎಮ್ಮೆ ಎರಡ್ಕೇ ಈಯ್ತು."

ಅಪ್ಪ ಎಮ್ಮೆಯ ಬೆನ್ನು ಸವರಿದರು. "ಅರ್ಧ ಕೊಟ್ಗೆ ನೀನೇ ಇಟ್ಕೊ, ಓಗ್ಲಿ. ಆದ್ರೂ ದಿನಾ ಅಷ್ಟ್ ಓಡ್ಬುಟ್ಟು, ಕಡ್ಗೆ ನಿಂತಿದ್ ಎಮ್ಮೆ ಕೈಲಿ ಸೋತ್ಬುಟ್ಯಲ್ಲೋ!"