ಆಡಿನ ಗಡ್ಡಕ್ಕೆ ಏಳು ಮುಯ್ಯಾಳು

ಅಯ್ಯೋ, ನಗಬೇಡಿ! ಒಂದು ಆಡಿನ ಗಡ್ಡಕ್ಕೆ ಏಳು ಕಂಪ್ಯೂಟರ್ ಹೂಡಿದ್ದೆ ಅಂದರೆ ಸುಳ್ಳು ಅನ್ನಿಸುತ್ತದಾ? ಹೊಸಹಳ್ಳಿಗೆ ಬಂದು ಯಾರನ್ನಾದರೂ ಕೇಳಿ. ನನ್ನ ಹೆಂಡತಿಯೊಬ್ಬಳನ್ನು ಬಿಟ್ಟು!

ಮೊಮ್ಮಗಳು ರೋಜಾ ಎರಡು ನಿಮಿಷದ ಕಾರ್ಟೂನು ಮಾಡಿದ್ದಳು. ಉಚ್ಚಂಗಿದುರ್ಗದ ಮೆಟ್ಟಿಲು ಹತ್ತುವ ಆಡು. ಸೋಮವಾರ ಸಂಜೆ ಐದರೊಳಗೆ ಕಳಿಸಿದರೆ ಅನಿಮೇಷನ್ ಕೋರ್ಸಿಗೆ ಸೀಟು, ಇಲ್ಲದಿದ್ದರೆ ಇಲ್ಲ. ಶುಕ್ರವಾರ ನೋಡಿದರೆ ಹುಡುಗಿ ಕಣ್ಣೊರೆಸಿಕೊಳ್ಳುತ್ತಿದ್ದಾಳೆ.

"ತಾತಾ, ಆಡಿನ ಒಂದೊಂದು ಕೂದಲಿಗೂ ಬಿಸಿಲು, ನೆರಳು ಲೆಕ್ಕ ಹಾಕಿ ಚಿತ್ರ ತೆಗೀಬೇಕು. ನನ್ನ ಲ್ಯಾಪ್‌ಟಾಪ್ ಒಂದಕ್ಕೇ ಹನ್ನೆರಡು ದಿನ ಬೇಕು! ಹಳೇ ಕಂಪ್ಯೂಟರ್ ನಾಕಾರು ಸಿಕ್ಕಿದ್ರ ಕೆಲಸ ಹಂಚಬೋದಿತ್ತು."

"ಇಷ್ಟೇನಾ? ಮುಯ್ಯಾಳು ಕರದ್ರಾತು!" ಎಂದು ಪಂಚೆ ಬಿಗಿದೆ. ಇವತ್ತು ನಿಮ್ಮ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀವು. ಈ ಪದ್ಧತಿಯನ್ನು ಕಂಪ್ಯೂಟರ್ ಲೋಕಕ್ಕೆ ಕೊಟ್ಟ ಮಹಾಪುರುಷ ನಾನೇ!

ಮನೆಮನೆ ತಿರುಗಿದೆ. ಮಂಚದ ಕೆಳಗಿದ್ದದ್ದು ಬಂತು, ಅಟ್ಟ ಹತ್ತಿದ್ದದ್ದು ಇಳಿಯಿತು, ದ್ಯಾಮಕ್ಕನ ಮನೆಯದರ ಮೇಲಿಂದ ಉಪ್ಪಿನಕಾಯಿ ಜಾಡಿ ಎದ್ದಿತು. ರೋಜಾ ಧೂಳು ಊದಿ, ವೈರು ಜೋಡಿಸಿ, ಏಳಕ್ಕೂ ಪಾಲು ಹಂಚಿದಳು. ನಡುಮನೆ ಹಿಟ್ಟಿನ ಗಿರಣಿಯಾಯಿತು. ಸೆಖೆಗೆ ಗೋಡೆ ಮೇಲಿನ ಹಲ್ಲಿಯೂ ಬೆವರಿತು, ನನ್ನಾಣೆ!

"ಆಡಿನ ಗಡ್ಡ ಮುಗಿಯೋದ್ರಾಗ ನಾನು ಬೆಂದು ಹೋಗಿರ್ತೀನಿ ನೋಡ್ರಿ," ನನ್ನವಳು ನಾಗಲಿಂಗಮ್ಮ ಸೆರಗು ಬೀಸಿಕೊಂಡಳು.

"ಹಂಗಾದ್ರ ರೊಟ್ಟಿನೂ ಇದರ ಮ್ಯಾಲೇ ಸುಡು, ಗ್ಯಾಸು ಉಳಿತೈತಿ!"

ಸೋಮವಾರ ಮಧ್ಯಾಹ್ನ. ನಾಲ್ಕಕ್ಕೆ ಎಲ್ಲ ಮುಗಿಯುತ್ತದೆ ಎಂದಿದ್ದಳು ರೋಜಾ. ಅಷ್ಟರಲ್ಲಿ ನೆರೆಮನೆಯ ಬೊಮ್ಮಯ್ಯ ತನ್ನ ಕಂಪ್ಯೂಟರಿನ ಯೋಗಕ್ಷೇಮ ವಿಚಾರಿಸಲು ಬಂದ. ಮುಟ್ಟಿದ. ಕೆಂಡ!

"ಏನ್ರಿ ಇದು? ಶನಿವಾರದಿಂದ ಕುಂತಿಲ್ಲ, ನಿಂತಿಲ್ಲ! ಆಳು ಅಂದಮ್ಯಾಲ ನಡುವ ಸ್ವಲ್ಪ ದಣಿವಾರಿಸಿಕೊಳ್ಳಾಕ ಬಿಡಬೇಕಲ್ರಿ!" ಎಂದವನೇ ಪ್ಲಗ್ಗು ಕಿತ್ತ. ತನ್ನದೊಂದರದಲ್ಲ, ಏಳಕ್ಕೂ ಕರೆಂಟು ಕೊಡುತ್ತಿದ್ದ ಪ್ಲಗ್ಗು!

ಗಿರಣಿ ಗಪ್ಪಾಯಿತು. ರೋಜಾ ಬಾಯಿ ಮೇಲೆ ಕೈ ಇಟ್ಟುಕೊಂಡಳು.

"ಮುಯ್ಯಾಳು ಅಂತ ಊರೆಲ್ಲ ಸಾರಿದೋರು ನೀವ ಅಲ್ಲೇನ್ರಿ?" ಬೊಮ್ಮಯ್ಯ ನನ್ನನ್ನೇ ಕೇಳಿದ.

ಪುಣ್ಯಕ್ಕೆ ಮುಗಿದ ಚಿತ್ರಗಳು ಉಳಿದಿದ್ದವು. ಕಂಪ್ಯೂಟರುಗಳನ್ನು ಒಂದೊಂದಾಗಿ ಮತ್ತೆ ಎಬ್ಬಿಸಿದೆವು. ಬೊಮ್ಮಯ್ಯ ಮೊರ ಹಿಡಿದು ಏಳಕ್ಕೂ ಗಾಳಿ ಹಾಕಿದ. ಐದಕ್ಕೆ ಎರಡೇ ನಿಮಿಷ ಇರುವಾಗ ಆಡು ದುರ್ಗದ ತುದಿ ಮುಟ್ಟಿತು, ರೋಜಾ ಕಳಿಸಿಬಿಟ್ಟಳು! ಮುಂದಿನ ಶನಿವಾರ ಸೀಟು ಸಿಕ್ಕ ಸುದ್ದಿಯೂ ಬಂತು.

ನಾನು ಮೀಸೆ ತಿರುವುವಷ್ಟರಲ್ಲಿ ಬಾಗಿಲಲ್ಲಿ ದ್ಯಾಮಕ್ಕ.

"ತಾತಾ, ನಮ್ಮ ಕಂಪ್ಯೂಟರ್ ನಿಮ್ಮನ್ಯಾಗ ಮೂರು ದಿನ ದುಡದೈತಿ. ಶೇಂಗಾ ಕೀಳಾಕ ನೀವೂ ಮೂರು ದಿನ ಬರ್ರಿ."

"ಏಯ್, ಅದು ಬರೇ ಮಾತಿಗೆ ಅಂದಿದ್ದು..."

"ಕರಕೊಂಡು ಹೋಗವಾ," ನಾಗಲಿಂಗಮ್ಮ ಒಳಗಿನಿಂದಲೇ ಕೂಗಿದಳು. "ಏಳು ಮನಿ, ಮೂರ್ಮೂರು ದಿನ. ಇಪ್ಪತ್ತೊಂದು ದಿನ ನಮ್ಮನಿ ತಣ್ಣಗಿರತೈತಿ!"

ಇವತ್ತು ಎರಡನೇ ದಿನ. ಬದುವಿನ ಮೇಲೆ ಕೂತು ನಿಮಗೆ ಇಷ್ಟು ಹೇಳಿದೆ. ಇನ್ನೂ ನಂಬಿಕೆ ಬರದಿದ್ದರೆ ನನ್ನ ಸೊಂಟ...

"ತಾತಾ, ಸುದ್ದಿ ಸಾಕು ಮಾಡ್ರಿ!" ದ್ಯಾಮಕ್ಕ ಕೂಗುತ್ತಿದ್ದಾಳೆ. "ಎಲ್ಲರ ಸಾಲೂ ಮುಗದಾವು, ನಿಮ್ಮದು ಅರ್ಧನೂ ಆಗಿಲ್ಲ. ಇರ್ಲಿ, ಉಣ್ಣಾಕ ಬರ್ರಿ!"