ಇಂಗ್ಲೆಂಡಿನ ರಾತ್ರಿಗಳೂ ನಮ್ಮ ಮನೆಯ ಕ್ಯಾಲೆಂಡರೂ

ಗೋಡೆಯ ಕ್ಯಾಲೆಂಡರಿನ ಚೌಕಗಳಲ್ಲಿ ಎಲ್ಲವನ್ನೂ ಬರೆದಿಡುವುದು ನನ್ನ ಹಳೆಯ ಚಟ. ಹಾಲು ಎಷ್ಟು ತಂದೆವು, ನಲ್ಲಿಯಲ್ಲಿ ನೀರು ಯಾವತ್ತು ಬಂತು, ಸಿಲಿಂಡರ್ ಯಾವಾಗ ಬದಲಾಯಿಸಿದೆವು, ಎಲ್ಲವೂ ಅಲ್ಲಿರುತ್ತದೆ. ಯಜಮಾನರು ಇದನ್ನು ನೋಡಿ ನಗುತ್ತಾರೆ. ಗ್ಯಾಸ್ ಮುಗಿದ ದಿನ ಮಾತ್ರ ಅವರೇ ಹೋಗಿ ಅದರ ಮುಂದೆ ನಿಲ್ಲುತ್ತಾರೆ. ಎರಡು ವರ್ಷದಿಂದ ಇನ್ನೊಂದು ವಿಷಯ ಸೇರಿದೆ: ಚಿನ್ನು ಯಾವ ರಾತ್ರಿ ಎಲ್ಲಿ ಮಲಗಿದಳು ಎಂಬುದು.

ಚಿನ್ನು ನನ್ನ ತಂಗಿ ಲತಾಳ ಮಗಳು, ಐದನೇ ತರಗತಿ. ಅಪ್ಪ ಮಂಜುನಾಥ ಹಗರೆಯಲ್ಲಿ ಹಸು ಸಾಕಿದ್ದಾನೆ, ಅಮ್ಮ ಬಾಣಾವರದಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಾಳೆ. ಇಬ್ಬರೂ ಬೇರೆಯಾದ ಮೇಲೆ, ಸ್ಕೂಲು ಅರಸೀಕೆರೆಯಲ್ಲಿದೆ ಎಂಬ ನೆವದಿಂದ ಮಗು ವಾರವೆಲ್ಲ ನಮ್ಮಲ್ಲೇ. ಒಂದು ಶನಿವಾರ ಅಪ್ಪನ ಮನೆ, ಒಂದು ಶನಿವಾರ ಅಮ್ಮನ ಮನೆ. ನಮಗೆ ಮಕ್ಕಳಿಲ್ಲ. ಆ ನೆವ ನನಗೂ ಹಿಡಿಸಿತ್ತು.

ಈ ಸಲ ಸ್ಕೂಲ್ ವ್ಯಾನಿನ ದುಡ್ಡು ಮಂಜುನಾಥನಿಂದ ತಡವಾಯಿತು. ಸುಮ್ಮನಿರಬಹುದಿತ್ತು. ಆದರೆ ಬೇಳೆ ಬೇಯುವಷ್ಟರಲ್ಲಿ ನಾನು ಮೊಬೈಲಿನಲ್ಲಿ ಮೂರು ದೇಶಗಳ ಕಾನೂನು ಓದಿಬಿಟ್ಟೆ. ಬೇಳೆ ತಳ ಹಿಡಿಯಿತು, ನನಗೆ ಜ್ಞಾನ ಹಿಡಿಯಿತು. ಶನಿವಾರ ಮಗುವನ್ನು ಅಪ್ಪನಿಗೆ ಒಪ್ಪಿಸಲು ಹಗರೆಗೆ ಹತ್ತಿರದ ಹಳೇಬೀಡಿಗೆ ಹೋದಾಗ ಲತಾಳನ್ನೂ ಕರೆದುಕೊಂಡು, ಕ್ಯಾಲೆಂಡರನ್ನು ಸುರುಳಿ ಸುತ್ತಿ ಚೀಲಕ್ಕೆ ಹಾಕಿಕೊಂಡೆ.

ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ದೋಸೆ ಬರುವ ಮೊದಲೇ ಶುರುಮಾಡಿದೆ. "ಅಮೆರಿಕದಲ್ಲಿ ಮಕ್ಕಳ ಖರ್ಚಿನ ಪಾಲನ್ನ ಅಪ್ಪನ ಸಂಬಳದಲ್ಲೇ ಮುರ್ಕೋತಾರಂತೆ, ಮಂಜುನಾಥ್."

"ನಂಗೆ ಸಂಬಳ ಕೊಡೋದು ಹಸು, ಅತ್ತಿಗೆ. ಅದ್ರತ್ರ ಮಾತಾಡಿ."

"ಜರ್ಮನೀಲಿ ಅಪ್ಪ ಕೊಡದಿದ್ರೆ ಸರ್ಕಾರವೇ ಕೊಟ್ಟು, ಆಮೇಲೆ ಅಪ್ಪನ ಬೆನ್ನು ಹತ್ತುತ್ತಂತೆ."

"ನಮ್ಮಲ್ಲಿ ಸರ್ಕಾರ ಯಾಕೆ, ನೀವೇ ಇದ್ದೀರಲ್ಲ."

ಸೋಲಬಾರದೆಂದು ಇಂಗ್ಲೆಂಡನ್ನೂ ತೆಗೆದೆ. ಅಲ್ಲಿ ಮಗು ಯಾರ ಮನೆಯಲ್ಲಿ ಎಷ್ಟು ರಾತ್ರಿ ಮಲಗಿತು ಎಂದು ಎಣಿಸಿ, ಯಾರು ಎಷ್ಟು ಕೊಡಬೇಕೆಂದು ನಿರ್ಧರಿಸುತ್ತಾರಂತೆ ಎಂದೆ. ಮಂಜುನಾಥ ಕೈಚಾಚಿದ. "ಕೊಡಿ ಇಲ್ಲಿ ಕ್ಯಾಲೆಂಡರು. ಎಣಿಸೇಬಿಡಾಣ."

ಗಂಡ ಹೆಂಡತಿ ತಲೆ ಜೋಡಿಸಿ ಎಣಿಸಿದರು. ಹೋದ ತಿಂಗಳು ಹಗರೆಯಲ್ಲಿ ಎರಡು ರಾತ್ರಿ, ಬಾಣಾವರದಲ್ಲಿ ಎರಡು, ಉಳಿದದ್ದೆಲ್ಲ ನಮ್ಮ ಮನೆ. "ಅಂಗಾರೆ ನಾವಿಬ್ರೂ ನಿಮ್ಗೇ ಕೊಡ್ಬೇಕಾಯ್ತದಲ್ಲ ಅತ್ತಿಗೆ" ಎಂದು ಅವನು ನಕ್ಕ. ಲತಾಳೂ ನಕ್ಕಳು. ಬೇರೆಯಾದ ಮೇಲೆ ಇಬ್ಬರೂ ಒಟ್ಟಿಗೆ ನಕ್ಕಿದ್ದು ಅದೇ ಮೊದಲು, ಅದೂ ನನ್ನನ್ನು ನೋಡಿ. ನಗುತ್ತಲೇ ಅವನು ವ್ಯಾನಿನ ದುಡ್ಡು ತೆಗೆದಿಟ್ಟ.

ಆದರೆ ಲತಾ ನಗು ನಿಲ್ಲಿಸಿ ಆ ಚೌಕಗಳನ್ನೇ ನೋಡುತ್ತಿದ್ದಳು. "ಎರಡೇ ರಾತ್ರಿನಾ ಅಕ್ಕ? ನಾನೇ ಇಟ್ಕೋತೀನಿ ಕಣೇ. ದಿನಾ ಬಾಣಾವರದಿಂದ ರೈಲಲ್ಲಿ ಸ್ಕೂಲಿಗೆ ಕರ್ಕೊಂಬತ್ತೀನಿ."

ದೋಸೆಯ ತಟ್ಟೆ ಬದಿಗೆ ಸರಿಸಿ ಕ್ಯಾಲೆಂಡರನ್ನು ಸರಸರ ಸುರುಳಿ ಸುತ್ತತೊಡಗಿದೆ. "ಇಂಗ್ಲೆಂಡಿನ ಪದ್ಧತಿ ನಮಗೆಲ್ಲಿ ಒಗ್ಗುತ್ತೆ ಬಿಡೇ" ಎಂದೆ.

ಅಲ್ಲಿಯವರೆಗೆ ಚಟ್ನಿಯಲ್ಲಿ ಮುಳುಗಿದ್ದ ಚಿನ್ನು ತಲೆ ಎತ್ತಿದಳು. "ದೊಡ್ಡಮ್ಮ, ಅಲ್ಲಿ ಮಕ್ಕಳನ್ನ ಕೇಳಲ್ವಾ?"

ಅಷ್ಟು ದೂರ ನಾನು ಓದಿರಲಿಲ್ಲ. "ನೀನೇ ಹೇಳು" ಎಂದಳು ಲತಾ.

"ಮಂಗಳವಾರ ಅಮ್ಮನ ಅಂಗಡಿ ರಜ. ಅವತ್ತು ಅಮ್ಮನ ಹತ್ರ. ಮಿಕ್ಕಿದ್ದು ಈಗಿನ ಥರಾನೇ."

ಈಗ ಮಂಗಳವಾರದ ಚೌಕದಲ್ಲಿ ಬಾಣಾವರ ಎಂದು ನಾನೇ ಬರೆಯುತ್ತೇನೆ. ಅವತ್ತು ಅರ್ಧ ಲೀಟರ್ ಹಾಲು ಕಡಿಮೆ ತರಬೇಕೆಂದೂ ಪಕ್ಕದಲ್ಲೇ ಬರೆದಿದ್ದೇನೆ. ಆದರೂ ಪೂರ್ತಿ ತಂದು, ಉಳಿದದ್ದಕ್ಕೆ ಹೆಪ್ಪು ಹಾಕುತ್ತೇನೆ. ಪ್ರತಿ ಬುಧವಾರ ಮಜ್ಜಿಗೆಹುಳಿ ಉಣ್ಣುತ್ತ ಯಜಮಾನರು ನನ್ನ ಮೊಬೈಲನ್ನು ಮೆಲ್ಲಗೆ ಅತ್ತ ಸರಿಸುತ್ತಾರೆ. "ಇನ್ನೊಂದು ದೇಶ ಓದಬೇಡ ಮಾರಾಯ್ತಿ. ಬುಧವಾರವೂ ಹೋದೀತು."